ಬಾಡಿಗೆ ಹೊಟ್ಟೆನೋವು

ಶಾಲೆಗೆ ಚಕ್ಕರ್ ಹೊಡೆಯಲು ಹೊಟ್ಟೆನೋವು ನಟಿಸಿ ಏಟು ತಿಂದ ಪೀಳಿಗೆ ನಮ್ಮದು. ಅದೇ ನಟನೆಗೆ ಸಂಬಳ ಕೊಡುವವರಿದ್ದಾರೆಂದು ಆಗ ಯಾರೂ ಹೇಳಲಿಲ್ಲ.

1963ರಲ್ಲಿ ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ಈ ಕಸುಬಿಗೆ ನಾಂದಿ ಹಾಡಿದರು. ಕಲಾವಿದರಿಗೆ ಮಾಡೆಲ್ ಆಗಿದ್ದ ಹೆಣ್ಣುಮಗಳೊಬ್ಬಳಿಗೆ ಕಾಲಿನ ಸ್ವಾಧೀನ ತಪ್ಪಿದವಳಂತೆ ನಟಿಸಲು ಕಲಿಸಿ, ವೈದ್ಯ ವಿದ್ಯಾರ್ಥಿಗಳ ಮುಂದೆ ಬಿಟ್ಟರು. ಹಾಲಿವುಡ್ ಕಾಲೇಜಿಗೇ ನುಗ್ಗಿತೆಂದು ಪತ್ರಿಕೆಯವರು ಗೇಲಿ ಮಾಡಿದರು. ಈಗ ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಇಂಥ 'ರೋಗಿ'ಗಳಿದ್ದಾರೆ.

ಕೆಲಸ ಸಲೀಸೇನಲ್ಲ. ನೋವು ಎಲ್ಲಿ, ಯಾವಾಗಿನಿಂದ, ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತೇ, ಎಲ್ಲವೂ ಬಾಯಿಪಾಠ ಇರಬೇಕು. ಬಂದ ವಿದ್ಯಾರ್ಥಿಗಳಿಗೆಲ್ಲ ಒಂದೇ ಹದದಲ್ಲಿ ನರಳಬೇಕು. ಮುಖ್ಯವಾಗಿ, ಕೇಳಿದ್ದಕ್ಕಷ್ಟೇ ಉತ್ತರ. ಅಲ್ಲಿಗೆ ನಮ್ಮ ದೊಡ್ಡಮ್ಮ ಫೇಲು. "ಯಾವಾಗಿನಿಂದ ನೋವು?" ಎಂದರೆ ನಾದಿನಿ ಮಗಳ ಮದುವೆಯಿಂದ ಶುರುಮಾಡಿ, ಹೋಳಿಗೆಗೆ ತುಪ್ಪ ಸಾಲದ್ದನ್ನು ಹೇಳಿಯೇ ಹೊಟ್ಟೆಗೆ ಬರುವವರು ಅವರು.

ಒಂದು ಸಂಗತಿ ಮಾತ್ರ ಅವರಿಗೆ ಬಹಳ ಹಿಡಿಸಿತು. ಮುಖ ನೋಡಿ ಮಾತಾಡಿದನೇ, ಹೊಟ್ಟೆ ಮುಟ್ಟುವ ಮೊದಲು ಒಪ್ಪಿಗೆ ಕೇಳಿದನೇ ಎಂದು ನೋಡಿ ಹಲವೆಡೆ ರೋಗಿಯೇ ಡಾಕ್ಟರಿಗೆ ಅಂಕ ಹಾಕುತ್ತಾರಂತೆ.

"ಹೌದೇನೋ? ಮೊನ್ನೆ ನನ್ನ ಮುಖಾನೂ ನೋಡದೆ ಚೀಟಿ ಬರೆದನಲ್ಲ, ಅವನಿಗೆ ಈಗ ಹಾಕಿದರೆ ನಡೆಯುತ್ತಾ?"