ನಾಯಕನಿಗೆ ವಯಸ್ಸಾದ ಕಥೆ

ವಿಡಿಯೋ ಗೇಮನ್ನು ಸಾಹಸಚಿತ್ರ ಮಾಡುವ ಕೆಲಸ ಶುರುವಾಗುವುದು ನಿರ್ದೇಶಕರನ್ನು ಬದಲಿಸುವುದರಿಂದ. ‘ಅನ್‌ಚಾರ್ಟೆಡ್’ ಗೇಮ್ ಬಂದದ್ದು 2007ರಲ್ಲಿ, ಸಿನಿಮಾ 2022ರಲ್ಲಿ. ನಡುವೆ ಹಾಲಿವುಡ್ಡಿನಲ್ಲಿ ಇಂಥ ಮಾತುಕತೆ ನಡೆದಿರಬಹುದು:

ನಿರ್ಮಾಪಕ: ನಾಯಕ ಡ್ರೇಕ್ ಪಾತ್ರಕ್ಕೆ ಮಾರ್ಕ್ ವಾಲ್‌ಬರ್ಗೇ ಅಂತ 2010ರಲ್ಲೇ ಮಾತಾಗಿತ್ತಲ್ಲ?

ಲೇಖಕ: ಚಿತ್ರಕಥೆ ತಿದ್ದುವಷ್ಟರಲ್ಲಿ ಅವರಿಗೆ ಐವತ್ತು ಹತ್ತಿರ ಬಂತು, ಸರ್.

ನಿರ್ಮಾಪಕ: ಹಾಗಾದರೆ ನಾಯಕನ ಗುರು ಸಲ್ಲಿ ಆಗಲಿ. ಡ್ರೇಕ್ ಯಾರು?

ಲೇಖಕ: ಟಾಮ್ ಹಾಲೆಂಡ್. ಆ ಮಾತಾದಾಗ ಹದಿನಾಲ್ಕರ ಹುಡುಗ.

ನಿರ್ಮಾಪಕ: ಗೇಮಿನಿಂದ ಏನು ಉಳಿಸಿದ್ದೀರಿ?

ಲೇಖಕ: ವಿಮಾನದಿಂದ ಸರಕಿನ ಜೊತೆ ನೇತಾಡುವ ದೃಶ್ಯ. ಮೂರನೇ ಗೇಮಿನದು.

ನಿರ್ಮಾಪಕ: ಆದರೆ ಅಲ್ಲಿ ಆಡುವವನೇ ನೇತಾಡುತ್ತಾನಲ್ಲ?

ಲೇಖಕ: ಇಲ್ಲಿ ಅವನು ಟಿಕೆಟ್ ಕೊಂಡು ಸುಮ್ಮನೆ ಕೂರಬೇಕು. ಕೈಗೆ ಪಾಪ್‌ಕಾರ್ನ್ ಕೊಡೋಣ.

ಕೊಟ್ಟರು. ಲೋಕದಾದ್ಯಂತ ಗಳಿಕೆ ಸುಮಾರು 40 ಕೋಟಿ ಡಾಲರ್.