ಸ್ಕೂಲ್ ಭಾವ

ಕೋಟದ ಆಸುಪಾಸಿನಲ್ಲಿ ಯಾವ ಮದುವೆ ಊಟಕ್ಕೆ ಕೂತರೂ ಪಂಕ್ತಿಯಲ್ಲಿ ಒಬ್ಬರು ಸ್ಕೂಲ್ ಭಾವ ಸಿಕ್ಕೇ ಸಿಗುತ್ತಾರೆ. ದುಬೈಯಲ್ಲಿ ಕೆಲಸ ಆಗಿದೆ, ಹೆಂಡತಿ-ಮಗನ ವೀಸಾ ಬರುವುದಿದೆ. ಸದ್ಯ ಅವರ ಹಗಲುರಾತ್ರಿಯ ಕಸುಬು, ಮೂರನೇ ಕ್ಲಾಸಿಗೆ ಹೋಗಬೇಕಾದ ಮಾಣಿಗೆ ಅಲ್ಲೊಂದು ಶಾಲೆ ಹುಡುಕುವುದು. ನಮ್ಮ ಎಲೆಗೆ ಹೋಳಿಗೆ ಬೀಳುವ ಮೊದಲೇ ಅವರ ಮೊಬೈಲಿನ ಎಕ್ಸೆಲ್ ಹಾಳೆ ಬಿಚ್ಚಿಕೊಳ್ಳುತ್ತದೆ. ಬಲಗೈಯಲ್ಲಿ ಸಾರನ್ನ ಕಲಸುತ್ತ ಎಡಗೈಯಲ್ಲಿ ಪರದೆ ಸರಿಸುವ ಆ ಚಳಕವನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

“ಹ್ವಾಯ್, ಇದರ ರೇಟಿಂಗ್ ಕಂಡ್ರಾ?”

ದುಬೈಯ ಖಾಸಗಿ ಶಾಲೆಗಳನ್ನು ಕೆಎಚ್‌ಡಿಎ ಎಂಬ ಸರಕಾರಿ ಸಂಸ್ಥೆ 2008ರಿಂದ ತಪಾಸಣೆ ಮಾಡಿ, ‘ಅತ್ಯುತ್ತಮ’ದಿಂದ ಹಿಡಿದು ‘ದುರ್ಬಲ’ದವರೆಗೆ ದರ್ಜೆ ಕೊಟ್ಟಿದೆ. ಭಾವನಿಗೆ ಆ ವರದಿಗಳೆಲ್ಲ ಬಾಯಿಪಾಠ. ಅವರದೇ ಶಾಲೆಗೆ ಯಾವ ದರ್ಜೆ ಬರುತ್ತಿತ್ತು ಎಂದು ಮಾತ್ರ ಕೇಳಬಾರದು. ಅವರನ್ನು ಸೇರಿಸಿದ್ದು ಅಪ್ಪಯ್ಯನೂ ಅಲ್ಲ, ಅಮ್ಮನೂ ಅಲ್ಲ. ಪಕ್ಕದ ಮನೆ ಅಕ್ಕ ಗದ್ದೆಯಂಚಿನ ಮೇಲೆ ಶಾಲೆಗೆ ಹೊರಟಿದ್ದಳು, ಇವರ ಕೈಯನ್ನೂ ಹಿಡಿದುಕೊಂಡು ಹೋದಳು. ಹುಟ್ಟಿದ ತಾರೀಕನ್ನು ಮಾಸ್ಟ್ರೇ ಅಂದಾಜಿನಲ್ಲಿ ಬರೆದುಕೊಂಡರು. ಅಡ್ಮಿಷನ್ ಮುಗಿಯಿತು.

ಈಗ ಹಾಗಲ್ಲ. ಬ್ರಿಟಿಷ್ ಸಿಲೆಬಸ್ಸೋ ಸಿಬಿಎಸ್‌ಇಯೋ ಎಂಬಲ್ಲಿಂದಲೇ ತಲೆನೋವು. ಬ್ರಿಟಿಷ್ ಶಾಲೆಯ ಫೀಸನ್ನು ದಿರ್ಹಮಿನಲ್ಲಿ ಓದುವವರೆಗೆ ಭಾವ ಧೈರ್ಯವಾಗಿಯೇ ಇರುತ್ತಾರೆ. ರೂಪಾಯಿಗೆ ತಿರುಗಿಸಿದ ಕೂಡಲೇ ಅವರಲ್ಲಿ ಭಾರತೀಯ ಸಂಸ್ಕೃತಿಯ ಮೇಲೆ ಅಪಾರ ಪ್ರೀತಿ ಉಕ್ಕುತ್ತದೆ. ಸರಿ, ಸಿಬಿಎಸ್‌ಇ ಎಂದರೆ ಅಲ್ಲಿ ಏಪ್ರಿಲ್ ಮೊದಲ ವಾರವೇ ಪಾಠ ಶುರು. ನಮ್ಮಲ್ಲಿ ಮಾಣಿ ಅದೇ ಆಗ ಬೇಸಿಗೆ ರಜೆಗೆಂದು ಮಾವಿನಮರದ ಕಡೆ ಕಣ್ಣು ಹಾಕಿರುತ್ತಾನೆ.

“ಅರಬ್ಬಿ ಕಡ್ಡಾಯ ಅಂಬ್ರ್” ಎಂದದ್ದೇ ತಡ, ಅಜ್ಜಿ “ಹಾಂಗಾರೆ ಕನ್ನಡ?” ಎಂದರು. ಅದಕ್ಕೂ ಹಾಳೆಯಲ್ಲಿ ಜಾಗವಿದೆ. ದುಬೈಯ ಕನ್ನಡ ಪಾಠಶಾಲೆಯಲ್ಲಿ ಸ್ವಯಂಸೇವಕರು ಪುಕ್ಕಟೆ ಕಲಿಸುತ್ತಾರೆ. ಭಾವನಿಗೆ ಕಿರಿಕಿರಿ ಆಗುವುದೇ ಅಲ್ಲಿ. ಫೀಸೇ ಇಲ್ಲದ ಶಾಲೆ ಒಳ್ಳೆಯದೋ ಕೆಟ್ಟದೋ ಎಂದು ಗೊತ್ತು ಮಾಡುವುದು ಹೇಗೆ?

ಸಾಸ್ತಾನದ ಟೋಲಿನಲ್ಲಿ ಸ್ಥಳೀಯರಿಗೆ ವಿನಾಯಿತಿ ಬೇಕೆಂದು ಗಂಟಲು ಹರಿದುಕೊಂಡವರು ಇವರೇ. ಈಗ ಯಾವ ಶಾಲೆಯ ದಾರಿಗೆ ಎಷ್ಟು ಸಾಲಿಕ್ ಟೋಲ್ ಬೀಳುತ್ತದೆಂದು ಭಕ್ತಿಯಿಂದ ಲೆಕ್ಕ ಹಾಕುತ್ತಾರೆ. ಮಾಣಿಯ ಟಿಸಿಯಂತೂ ಬ್ರಹ್ಮಾವರದ ಬಿಇಒ ಸಹಿ ಹಾಕಿಸಿಕೊಂಡು ಹೊರಟು, ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ ಎಂದು ಮುದ್ರೆ ಒತ್ತಿಸಿಕೊಳ್ಳುತ್ತ ತಿರುಗುತ್ತಿದೆ. ಉಡುಪಿ ಜಿಲ್ಲೆಯನ್ನೇ ದಾಟದ ಮಾಣಿಗಿಂತ ಅವನ ಟಿಸಿಗೆ ಲೋಕಾನುಭವ ಜಾಸ್ತಿ.

ಚಿಕ್ಕಯ್ಯನಿಗೆ ತಡೆಯಲಾಗಲಿಲ್ಲ. “ಇದೇ ಕೋಟದಗೆ 1902ರಲ್ಲಿ ಹುಟ್ಟಿದ ಕಾರಂತ್ರು ಕಾಲೇಜೇ ಬಿಟ್ರ್. ಮಕ್ಳಿಗೆ ‘ಬಾಲಪ್ರಪಂಚ’ ಬರೂಕೆ ತೊಂದ್ರೆ ಆಯ್ತಾ? 1977ರ ಜ್ಞಾನಪೀಠ ತಪ್ಪಿತಾ?”

“ಅವ್ರ ಕಾಲಕ್ಕೆ ರೇಟಿಂಗ್ ಇರ್ಲಿಲ್ಲ ಚಿಕ್ಕಯ್ಯ.”

ಮಾಣಿ ಕೇಳಿದ್ದು ಒಂದೇ ಪ್ರಶ್ನೆ: “ಆಡುಕೆ ಜಾಗ ಇತ್ತಾ?” ನಲವತ್ತು ಕಾಲಮಿನ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ. ಅಜ್ಜಿ ಅಮೃತೇಶ್ವರಿಗೆ ಹರಕೆ ಹೊತ್ತರು. ಹಲವು ಮಕ್ಕಳ ತಾಯಿ ಎಂದೇ ಹೆಸರಾದವಳಿಗೆ ಇನ್ನೊಂದು ಮಗುವಿನ ಸೀಟು ಭಾರವಾಗಲಿಕ್ಕಿಲ್ಲ ಎಂಬುದು ಅವರ ಲೆಕ್ಕ.

ಕೊನೆಗೆ ಆದದ್ದಿಷ್ಟು. ಪಟ್ಟಿಯ ಮೇಲ್ತುದಿಯ ಶಾಲೆಗಳಲ್ಲೆಲ್ಲ ‘ವೇಟಿಂಗ್ ಲಿಸ್ಟ್’. ಮೂರನೇ ಕ್ಲಾಸಿನಲ್ಲಿ ಸೀಟು ಖಾಲಿ ಇದ್ದು, ಬಾಡಿಗೆ ಮನೆಯ ಬುಡಕ್ಕೇ ಬಸ್ಸು ಬರುವ ಶಾಲೆ ಒಂದೇ ಒಂದು. ಅದು ಪಟ್ಟಿಯಲ್ಲಿ ಹದಿನೇಳನೆಯದು. “ನಾನ್ ಮೊದ್ಲೇ ಹೇಳಿದ್ದೆ” ಎಂದರು ಭಾವ. ಅಮೃತೇಶ್ವರಿಗೆ ಹರಕೆ ಸಂದಾಯವಾಯಿತು.

ಮರುವರ್ಷ ರಜೆಗೆ ಬಂದವರು ಸಾಲಿಗ್ರಾಮದ ಒಂದು ಮದುವೆಯಲ್ಲಿ ಸಿಕ್ಕಿದರು. ಪಕ್ಕದಲ್ಲಿ ದೋಹಾಕ್ಕೆ ಹೊರಟ ಇನ್ನೊಬ್ಬ ಅಪ್ಪಯ್ಯ. “ರೇಟಿಂಗ್ ಗೀಟಿಂಗ್ ಎಲ್ಲ ಸುಮ್ನೆ ಮಾರಾಯ್ರೆ, ಬಸ್ ಬತ್ತಾ ಕಾಣಿ, ಸಾಕ್” ಎಂದು ಭಾವ ಉಪದೇಶ ಮಾಡುತ್ತಿದ್ದರು. ಮಾಡಿ ಮುಗಿಸಿ, “ನಿಮ್ಮ ನಂಬರ್ ಕೊಡಿ, ಒಂದ್ ಎಕ್ಸೆಲ್ ಹಾಳೆ ಕಳಿಸ್ತೆ” ಎಂದರು.