ಗಾಳಿ ಹೇಳಿದ ಕಡೆ

ರಾಯರು: ಮೈಸೂರಿನ ಲಲಿತಮಹಲ್ ಕಡೆಯಿಂದ ಹೊರಟರೆ ನಿಮ್ಮ ಬಲೂನು ಎಲ್ಲಿಳಿಯುತ್ತೆ?

ಬಲೂನಿಗ: ಗಾಳಿ ಹೇಳಿದ ಕಡೆ. ಇದಕ್ಕೆ ಸ್ಟೀರಿಂಗ್ ಇಲ್ಲ. ಬರ್ನರ್ ಉರಿಸಿದರೆ ಏರುತ್ತೆ, ಬಿಸಿಗಾಳಿ ಬಿಟ್ಟರೆ ಇಳಿಯುತ್ತೆ.

ರಾಯರು: ಥೇಟ್ ರಾಜಕಾರಣಿ! 1783ರಲ್ಲಿ ಫ್ರಾನ್ಸಿನವರು ಮೊದಲು ಕುರಿ, ಬಾತುಕೋಳಿ, ಹುಂಜ ಹತ್ತಿಸಿದರಂತಲ್ಲ?

ಬಲೂನಿಗ: ಮೂರೂ ಬದುಕಿ ಬಂದವು.

ರಾಯರು: ಟಿಕೆಟ್ ದರ ಕೇಳಿರಲಿಲ್ಲ, ಅದಕ್ಕೆ. ನಿಮ್ಮ ಕೈಲಿರೋ ಈ ಡ್ರೋನು?

ಬಲೂನಿಗ: 250 ಗ್ರಾಂ ಒಳಗಿನ ನ್ಯಾನೊ. ಪೈಲಟ್ ಲೈಸೆನ್ಸ್ ಬೇಡ. ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರವಾದರೆ ಅನುಮತಿ ಬೇಕು.

ರಾಯರು: 2024ರ ದಸರೆಗೆ ಬನ್ನಿಮಂಟಪದಲ್ಲಿ 1,500 ಡ್ರೋನು ಹಾರಿಸಿದ್ದು ವಿದ್ಯುತ್ ನಿಗಮದವರಂತೆ. ದೀಪ ಹತ್ತಿಸೋದು ಅವರ ಕಸುಬು, ಸರಿ. ಆಕಾಶದ ಮೀಟರ್ ಯಾರ ಹೆಸರಲ್ಲಿದೆ?

ಬಲೂನಿಗ: ಬಿಡಿ ಸಾರ್, ಒಮ್ಮೆ ಬಲೂನು ಹತ್ತಿ.

ರಾಯರು: ಟಾಂಗಾ ಸಾಕಪ್ಪ. ಕುದುರೆಗಾದರೂ ಮನೆ ದಾರಿ ಗೊತ್ತು.